ಗಾಳಿ, ನೆರೆ ಬಿಟ್ಟುಹೋದದ್ದರಿಂದ ಅಚ್ಚುಚಿತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿರುಗಾಳಿ, ನೆರೆ, ಕಾಳ್ಗಿಚ್ಚಿನ ನಂತರ ಉಳಿದ ಮರ, ತಗಡು, ಕಾಗದ, ಕೆಸರಿನಿಂದ ಅಚ್ಚುಚಿತ್ರ ಮಾಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಹೇಗೆ ಕೊರೆಯಬೇಕು, ಯಾವ ಶಾಯಿ ಹಚ್ಚಬೇಕು ಎಂದು. ಆದರೆ ಪತ್ರಗಳಲ್ಲಿ ಬರೆದಿರುವ ತೊಂದರೆಗಳು ಬಹುಪಾಲು ಹುಟ್ಟಿರುವುದು ಅದಕ್ಕೂ ಮೊದಲು, ತೊಳೆಯುವಾಗ ಮತ್ತು ಒಣಗಿಸುವಾಗ. ಹಾಗಾಗಿ ನಮ್ಮ ಉತ್ತರಗಳೂ ಅಲ್ಲೇ ಹೆಚ್ಚು ಹೊತ್ತು ನಿಂತಿವೆ.

ಪ್ರಶ್ನೆ: ಬಿರುಗಾಳಿಗೆ ಬುಡಮೇಲಾದ ಮರದ ಕಾಂಡದಿಂದ ಒಂದು ಅಡ್ಡ ಬಿಲ್ಲೆ ಕೊಯ್ಸಿಕೊಂಡೆ. ಅದರ ಉಂಗುರಗಳನ್ನೇ ಕಾಗದದ ಮೇಲೆ ಮೂಡಿಸುವ ಆಸೆ. ಕೆಲವೇ ದಿನಗಳಲ್ಲಿ ಬಿಲ್ಲೆ ನಡುವಿನಿಂದ ತೊಗಟೆಯವರೆಗೆ ಸೀಳಿಕೊಂಡಿತು. ಶಾಯಿ ಹಚ್ಚಿ ಒತ್ತಿದರೆ ಉಂಗುರದ ಬದಲು ಬರೀ ಕಪ್ಪು ಮುದ್ದೆ. ಎಲ್ಲಿ ತಪ್ಪಿದೆ?

ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಸೀಳಿಗೆ ಕಾರಣ ಮರದ ಸ್ವಭಾವ. ಒಣಗುವಾಗ ಮರ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಸುತ್ತಳತೆ ಅಷ್ಟು ಬೇಗ ಬಿಗಿದುಕೊಂಡಾಗ ಬಿಲ್ಲೆ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಬಿಸಿಲಿಗೆ ಅಥವಾ ಫ್ಯಾನಿನ ಕೆಳಗೆ ಇಟ್ಟರೆ ಇನ್ನೂ ಬೇಗ ಬಿಡುತ್ತದೆ. ಮುಂದಿನ ಸಲ 5ರಿಂದ 7 ಸೆಂ.ಮೀ. ದಪ್ಪಕ್ಕೆ ಕೊಯ್ಸಿ, ಹಿಂಬದಿಯಲ್ಲಿ ತೊಗಟೆಯಿಂದ ತಿರುಳಿನವರೆಗೆ ಗರಗಸದಲ್ಲಿ ಅರ್ಧ ಆಳದ ಒಂದು ಸೀಳು ನೀವೇ ಹಾಕಿಬಿಡಿ. ಬಿರುಕು ಬರುವುದಿದ್ದರೆ ಹೆಚ್ಚಾಗಿ ಅದೇ ದಾರಿ ಹಿಡಿಯುತ್ತದೆ. ಆಮೇಲೆ ಬಿಲ್ಲೆಯನ್ನು ಹಳೆ ಪೇಪರಿನಲ್ಲಿ ಸುತ್ತಿ ನೆರಳಲ್ಲಿಟ್ಟು, ಮೂರ್ನಾಲ್ಕು ದಿನಕ್ಕೊಮ್ಮೆ ಮಗುಚಿ, ಒದ್ದೆಯಾದ ಪೇಪರ್ ಬದಲಿಸುತ್ತಿರಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಸತತ ಮೂರು ವಾರ ತೂಕ ಕದಲದಿದ್ದರೆ ಒಣಗಿದೆ ಎಂದರ್ಥ. ಇದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ, ಅವಸರಕ್ಕೆ ಬಗ್ಗುವ ಕೆಲಸವಲ್ಲ. ಈಗಾಗಲೇ ಸೀಳಿರುವ ಬಿಲ್ಲೆಯನ್ನು ಎಸೆಯಬೇಡಿ. ಅಚ್ಚಿನಲ್ಲಿ ಆ ಬಿರುಕು ಬಿಳಿಯ ಬೆಣೆಯಂತೆ ಮೂಡುತ್ತದೆ. ಅದನ್ನು ಮೇಣ ತುಂಬಿ ಮುಚ್ಚಿದವರ ಅಚ್ಚುಗಳಿಗಿಂತ ಹಾಗೇ ಬಿಟ್ಟವರ ಅಚ್ಚುಗಳೇ ನಮ್ಮ ಕಣ್ಣಿಗೆ ಚೆಂದ.

ಕಪ್ಪು ಮುದ್ದೆಯಾಗಲು ಕಾರಣ, ಬಿಲ್ಲೆಯ ಮೈಯಲ್ಲಿ ಏರುತಗ್ಗೇ ಇಲ್ಲದಿರುವುದು. ಗರಗಸದ ಗೀರುಗಳು ಹೋಗುವವರೆಗೆ 60, 120, 220 ನಂಬರಿನ ಸ್ಯಾಂಡ್‌ಪೇಪರ್ ಕ್ರಮವಾಗಿ ಹಿಡಿಯಿರಿ. ಮೋಟಾರು ಗರಗಸದ ಕಮಾನಿನಂಥ ಗೀರು ಒಂದು ಉಳಿದರೂ ಉಂಗುರಕ್ಕಿಂತ ಗಟ್ಟಿಯಾಗಿ ಅದೇ ಮೂಡುತ್ತದೆ. ನುಣುಪಾದ ಮೇಲೆ ಗ್ಯಾಸ್ ಟಾರ್ಚಿನಿಂದ ಮೈಯನ್ನು ಒಂದೇ ಸಮನೆ ಕಪ್ಪಗೆ ಸುಡಿ. ಜ್ವಾಲೆ ಒಂದೇ ಕಡೆ ನಿಲ್ಲಕೂಡದು. ಬೇಗ ಬೆಳೆದ ಮೆದು ಪದರ ಹೆಚ್ಚು ಸುಡುತ್ತದೆ, ನಿಧಾನ ಬೆಳೆದ ಗಟ್ಟಿ ಪದರ ಕಡಿಮೆ. ತಣಿದ ಮೇಲೆ ತಂತಿ ಬ್ರಷ್ಷಿನಿಂದ ತಿಕ್ಕಿದರೆ ಮೆದು ಭಾಗ ಉದುರಿ ಗಟ್ಟಿ ಉಂಗುರಗಳು ಎದ್ದು ನಿಲ್ಲುತ್ತವೆ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಏಣು ತಾಕಬೇಕು. ತಾಕದಿದ್ದರೆ ಇನ್ನೊಮ್ಮೆ ಸುಟ್ಟು ತಿಕ್ಕಿ. ಧೂಳು ಒರೆಸಿ, ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿದ ಅರಗನ್ನು ಎರಡು ಕೈ ಹಚ್ಚಿ. ಹೀಗೆ ಮಾಡದಿದ್ದರೆ ಮೊದಲ ಕೆಲವು ಪ್ರತಿಗಳ ಶಾಯಿಯನ್ನೆಲ್ಲ ಮರವೇ ಕುಡಿಯುತ್ತದೆ. ಅರಗು ಹಚ್ಚಿದ ಬಿಲ್ಲೆಯನ್ನು ಆಮೇಲೆ ಸ್ಪಿರಿಟ್ಟಿನಿಂದ ಒರೆಸುವಂತಿಲ್ಲ, ಅಡುಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು.

ಶಾಯಿ ಕಡಿಮೆ ಇರಲಿ. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಸಣ್ಣಗೆ ‘ಸರ್’ ಎಂಬ ಸದ್ದು ಬಂದರೆ ಹದ. ಪಚಪಚ ಎಂದರೆ ಹೆಚ್ಚಾಯಿತು. ಕಾಗದ ಚದರ ಮೀಟರಿಗೆ 30ರಿಂದ 50 ಗ್ರಾಂ ತೂಗುವ, ಅಂದರೆ 30ರಿಂದ 50 ಜಿ.ಎಸ್‌.ಎಂ.ನದು, ಉದ್ದ ನಾರಿನದು ಬೇಕು. ನಡುವಿನಿಂದ ಹೊರಕ್ಕೆ ಚಮಚದ ಬೆನ್ನಿನಿಂದ ಉಜ್ಜುತ್ತ ಹೋಗಿ. ಒಂದು ಅಂಚು ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ಅರ್ಧಕ್ಕೆ ಎತ್ತಿ ನೋಡಬಹುದು, ಮಂಕಾದಲ್ಲಿ ಮತ್ತೆ ಉಜ್ಜಬಹುದು. ಈ ಬಗೆಯ ಅಚ್ಚನ್ನು ಹೆಚ್ಚು ಮಂದಿಗೆ ಪರಿಚಯಿಸಿದವರು ಅಮೆರಿಕದ ಕಲಾವಿದ ಬ್ರಯಾನ್ ನ್ಯಾಶ್ ಗಿಲ್ (1961–2013). ಅವರ ಅಚ್ಚುಗಳಲ್ಲಿ ಉಂಗುರಗಳು ಕೂದಲೆಳೆಯಷ್ಟು ಸ್ಪಷ್ಟ.

ಎರಡು ಎಚ್ಚರಿಕೆ. ಉಷ್ಣವಲಯದ ಎಷ್ಟೋ ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿರುವುದಿಲ್ಲ, ತೇಗದಲ್ಲಿ ಇರುತ್ತದೆ. ಉಂಗುರವಿಲ್ಲದ ಮರವನ್ನು ಎಷ್ಟು ಸುಟ್ಟರೂ ಉಂಗುರ ಬರುವುದಿಲ್ಲ, ರಂಧ್ರ ಮತ್ತು ಬಿರುಕುಗಳ ಚಿತ್ರವಷ್ಟೇ ಸಿಗುತ್ತದೆ. ಇನ್ನು, ಬೇರುಸಮೇತ ಒರಗಿದ ಮರಕ್ಕೆ ನೀವೇ ಗರಗಸ ಹಾಕಲು ಹೋಗಬೇಡಿ. ಕಾಂಡ ತುಂಡಾದೊಡನೆ ಭಾರ ತಪ್ಪಿದ ಬೇರುಗಡ್ಡೆ ಸಟಕ್ಕನೆ ನೆಟ್ಟಗೆ ಎದ್ದು ನಿಲ್ಲಬಹುದು. ಅದು ಪಳಗಿದವರ ಕೆಲಸ.

ಪ್ರಶ್ನೆ: ನೆರೆಯಲ್ಲಿ ಮುಳುಗಿದ್ದ ಬಾಗಿಲು, ಹಲಗೆ, ಕಪಾಟಿನ ತುಂಡುಗಳು ರಾಶಿ ಬಿದ್ದಿವೆ. ಇವುಗಳಲ್ಲಿ ಮರಕೊರೆತಕ್ಕೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ?

ಮೊದಲು ಆಗದ್ದನ್ನು ಬೇರೆ ಮಾಡಿ. ಕಪಾಟಿನದು ಮರದ ಪುಡಿ, ಚೂರುಗಳನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಅಥವಾ ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಬಿಟ್ಟುಬಿಡಿ. ಒಮ್ಮೆ ಉಬ್ಬಿದ್ದು ಮತ್ತೆ ಕುಗ್ಗುವುದಿಲ್ಲ, ಉಳಿ ತಾಕಿದರೆ ಹಿಟ್ಟಾಗಿ ಉದುರುತ್ತದೆ. ಹೊರಗಿನ ಕಂಬ, ಬೇಲಿಗಳ ಹಸಿರು ಛಾಯೆಯ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧ ಊಡಿಸಿರಬಹುದು. ಅದನ್ನು ಸುಡುವುದೂ ಬೇಡ, ಉಜ್ಜುವುದೂ ಬೇಡ. ಹಳೆಯ ಬಾಗಿಲಿನ ದಪ್ಪ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯಬಾರದು. ಮರದ ರಾಶಿಯ ನಡುವೆ ಸಿಮೆಂಟ್ ಶೀಟಿನ ಚೂರು ಕಂಡರೆ ಅದರಲ್ಲಿ ಕಲ್ನಾರು ಇರಬಹುದು, ಮುರಿಯಬೇಡಿ, ಗುಡಿಸಬೇಡಿ.

ಪ್ಲೈವುಡ್ಡಿನ ಹಣೆಬರಹ ಅದರ ಅಂಟಿನ ಮೇಲೆ ನಿಂತಿದೆ. ಫೀನಾಲ್ ಅಂಟಿನದು ಮುಳುಗಿ ಎದ್ದರೂ ಪದರ ಬಿಡುವುದಿಲ್ಲ. ಯೂರಿಯಾ ಅಂಟಿನದು ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಅದರ ಮೇಲ್ಪದರವನ್ನು ಬಿಡಿಸಿಕೊಂಡು ಕೊಲಾಗ್ರಾಫಿಗೆ (ರಟ್ಟಿಗೆ ವಸ್ತುಗಳನ್ನು ಅಂಟಿಸಿ ತೆಗೆಯುವ ಅಚ್ಚಿಗೆ) ಇಟ್ಟುಕೊಳ್ಳಿ.

ಉಳಿದದ್ದು ಗಟ್ಟಿ ಮರ. ಅದನ್ನು ಕೆಸರು ಹಸಿಯಿರುವಾಗಲೇ ತೊಳೆಯಬೇಕು. ಒಣಗಿದ ಕೆಸರು ಮರದ ರಂಧ್ರದಲ್ಲಿ ಕಲ್ಲಾಗಿ ಕೂರುತ್ತದೆ, ಕೆರೆದರೆ ಧೂಳೆದ್ದು ಮೂಗಿಗೆ ಹೋಗುತ್ತದೆ. ನೆರೆ ನೀರಿನಲ್ಲಿ ಚರಂಡಿ, ಎಣ್ಣೆ, ಕೀಟನಾಶಕ ಎಲ್ಲವೂ ಕಲೆತಿರುತ್ತದೆಂದು ತಿಳಿದೇ ರಬ್ಬರ್ ಕೈಗವಸು, ಎನ್95 ಮಾಸ್ಕ್ ಹಾಕಿ, ಸಾಬೂನು ನೀರು ಮತ್ತು ಒರಟು ಬ್ರಷ್ಷಿನಿಂದ ಎಳೆಯ ದಿಕ್ಕಿನಲ್ಲಿ ತಿಕ್ಕಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಿಂದಲೇ ಒರೆಸಿ. ಮನೆಬಳಕೆಯ ಬ್ಲೀಚನ್ನು ಲೀಟರ್ ನೀರಿಗೆ ಸುಮಾರು 60 ಮಿ.ಲೀ. ಬೆರೆಸಿ ಹಚ್ಚಬಹುದು. ಆದರೆ ಅದು ಮರದ ಒಳಗಿಳಿಯುವುದಿಲ್ಲ, ಮೇಲ್ಮೈಯನ್ನಷ್ಟೇ ಶುದ್ಧ ಮಾಡುತ್ತದೆ. ಬೂಷ್ಟನ್ನು ನಿಜವಾಗಿ ತಡೆಯುವುದು ಒಣಗುವಿಕೆ. ಬ್ಲೀಚಿಗೆ ಅಮೋನಿಯಾ, ವಿನೆಗರ್, ಟಾಯ್ಲೆಟ್ ತೊಳೆಯುವ ಆಮ್ಲ ಯಾವುದೂ ಸೇರಬಾರದು, ವಿಷಗಾಳಿ ಏಳುತ್ತದೆ.

ಸಮುದ್ರದ ನೀರು ನುಗ್ಗಿದ ಜಾಗದ ಮರವಾದರೆ ಇನ್ನೊಂದು ಹಂತವಿದೆ. ಉಪ್ಪು ಒಳಗೇ ಉಳಿದರೆ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಉಳಿಗಳೂ ತುಕ್ಕು ಹಿಡಿಯುತ್ತವೆ. ಹಲವು ದಿನ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ದಿನಾ ನೀರು ಬದಲಿಸಿ. ಒಣಗಿದ ಮೇಲೆ ಮೈಮೇಲೆ ಬಿಳಿ ಪುಡಿ ಕಂಡರೆ ಉಪ್ಪು ಇನ್ನೂ ಇದೆ.

ಒಣಗಿಸಲು ಹಲಗೆಗಳ ನಡುವೆ 2 ಸೆಂ.ಮೀ. ದಪ್ಪದ ಪಟ್ಟಿಗಳನ್ನು 40 ಸೆಂ.ಮೀ.ಗೊಂದರಂತೆ ಇಟ್ಟು ಪೇರಿಸಿ, ಮೇಲೆ ಭಾರ ಹೇರಿ, ಗಾಳಿಯಾಡುವ ನೆರಳಲ್ಲಿ ಬಿಡಿ. ಪಟ್ಟಿಗಳು ಒಂದರ ಮೇಲೊಂದು ನೇರಕ್ಕೆ ಬರಲಿ, ಇಲ್ಲದಿದ್ದರೆ ಹಲಗೆ ಅಲೆಯಾಗಿ ಡೊಂಕಾಗುತ್ತದೆ.

ಕೊರೆಯುವ ಮುನ್ನ ಇಡೀ ಹಲಗೆಯ ಮೇಲೆ ಗಟ್ಟಿ ಅಯಸ್ಕಾಂತ ಆಡಿಸಿ. ತಲೆ ಮುರಿದ ಮೊಳೆ ಕಣ್ಣಿಗೆ ಕಾಣದಿದ್ದರೂ ಅದರ ಸುತ್ತ ನೀಲಿಗಪ್ಪು ಕಲೆ ಇರುತ್ತದೆ. ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು. ಒಂದೇ ಮೊಳೆ ಸಾಕು, ಸಾಣೆ ಹಿಡಿದ ಉಳಿಯ ಬಾಯಿ ಹಾರಿಹೋಗಲು.

ಈ ಹಲಗೆಗಳಿಗೆ ತೋಪಡ ಹೊಡೆದು ನುಣುಪು ಮಾಡಬೇಡಿ ಎಂಬುದು ನಮ್ಮ ಸಲಹೆ. ನೀರು ನಿಂತ ಗುರುತು, ಉಜ್ಜಿಹೋದ ಎಳೆ, ಮೊಳೆಯ ತೂತು, ಇವೇ ಈ ಹಲಗೆಯ ಬಂಡವಾಳ. ತೋಪಡ ಹೊಡೆದರೆ ಅಂಗಡಿಯಿಂದ ತಂದ ಹಲಗೆಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ತಂತಿ ಬ್ರಷ್ಷಿನಿಂದ ಎಳೆಯನ್ನು ಎಬ್ಬಿಸಿ, ಏನೂ ಕೊರೆಯದೆ ಮೊದಲು ಒಂದು ಅಚ್ಚು ತೆಗೆದು ನೋಡಿ. ಎಲ್ಲಿ ಕೊರೆಯಬೇಕು, ಎಷ್ಟು ಕೊರೆಯಬೇಕು ಎಂಬುದು ಆ ಅಚ್ಚಿನಲ್ಲೇ ತಿಳಿಯುತ್ತದೆ. ಹಳೆ ಮರ ಪುಟಿದು ಚಕ್ಕೆ ಏಳುತ್ತದಾದ್ದರಿಂದ ಕೊರೆಯುವ ಜಾಗಕ್ಕೆ ಹಿಂದಿನ ದಿನ ಅಗಸೆ ಎಣ್ಣೆ ತೆಳುವಾಗಿ ಒರೆಸಿಟ್ಟರೆ ಉಳಿ ಹಿತವಾಗಿ ಓಡುತ್ತದೆ.

ಪ್ರಶ್ನೆ: ನೆರೆ ಇಳಿದ ಮೇಲೆ ಉಳಿದ ಹೂಳಿನಿಂದ ಶಾಯಿ ಮಾಡಿದೆವು. ಅಚ್ಚು ತರಿತರಿಯಾಗಿ ಬಂತು, ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟುತ್ತದೆ, ಗೆರೆಯ ಸುತ್ತ ಹಳದಿ ಎಣ್ಣೆಯ ಕಲೆಯೂ ಹಬ್ಬಿದೆ.

ತರಿತರಿಗೆ ಕಾರಣ ಮರಳು. ಜರಡಿ ಹಿಡಿದರೆ ಸಾಲದು, ನೀರಿನಲ್ಲಿ ಸೋಸಬೇಕು. ಒಂದು ಪಾಲು ಹೂಳಿಗೆ ಐದು ಪಾಲು ನೀರು ಹಾಕಿ ಚೆನ್ನಾಗಿ ಕದಡಿ, ನೀರಿನ ಆಳ 10 ಸೆಂ.ಮೀ. ಇರುವಂತೆ ಬೇಸಿನ್ನಿಗೆ ಹುಯ್ದು 5 ನಿಮಿಷ ಅಲುಗಾಡಿಸದೆ ಬಿಡಿ. ಅಷ್ಟರಲ್ಲಿ ಸುಮಾರು 20 ಮೈಕ್ರಾನಿಗಿಂತ ದಪ್ಪನೆಯ ಕಣಗಳು ತಳ ಸೇರಿರುತ್ತವೆ. ಮೇಲಿನ ಕದಡು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ರಾತ್ರಿಯಿಡೀ ತಂಗಲು ಬಿಟ್ಟು, ತಿಳಿ ಚೆಲ್ಲಿ. ಇದನ್ನೇ ಇನ್ನೊಮ್ಮೆ ಮಾಡಿ. ತಳದ ಕೆನೆಯಂಥ ಮಣ್ಣನ್ನು ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ. ತಳದಲ್ಲಿ ಉಳಿದ ಮರಳನ್ನೂ ಎತ್ತಿಡಿ, ಕೊಲಾಗ್ರಾಫಿಗೆ ಬರುತ್ತದೆ.

ಪುಡಿ ಅಂಟುವುದು ಎಣ್ಣೆ ಸಾಲದ್ದಕ್ಕೆ, ಇಲ್ಲವೇ ಮಣ್ಣು ಪೂರ್ತಿ ಒಣಗದ್ದಕ್ಕೆ. ಮಣ್ಣಿನ ಬಣ್ಣಗಳು 100 ಗ್ರಾಂ ಪುಡಿಗೆ ಸಾಮಾನ್ಯವಾಗಿ 30ರಿಂದ 60 ಗ್ರಾಂ ಎಣ್ಣೆ ಹಿಡಿಯುತ್ತವೆ. 30ರಿಂದ ಶುರುಮಾಡಿ, ಗಾಜಿನ ಮೇಲೆ ಅರೆಯುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿ. ಚಾಕುವಿನಿಂದ ಎತ್ತಿದಾಗ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಎಳೆದು ಕಡಿದರೆ ಹದ. ಹಳದಿ ಕಲೆ ಹಸಿ ಅಗಸೆ ಎಣ್ಣೆಯದು. ಅದು ತೆಳು, ಕಾಗದದಲ್ಲಿ ಓಡುತ್ತದೆ. ಕಾಯಿಸಿ ಮಂದ ಮಾಡಿದ, ಅಚ್ಚುಶಾಯಿಗೆಂದೇ ಸಿಗುವ ಪ್ಲೇಟ್ ಆಯಿಲ್ ಬಳಸಿ. ಇಷ್ಟೆಲ್ಲ ಬೇಡ ಎನ್ನುವವರು ಬಣ್ಣವಿಲ್ಲದ ಎಕ್ಸ್‌ಟೆಂಡರ್ ಶಾಯಿಗೆ ಸಮತೂಕದ ಮಣ್ಣುಪುಡಿ ಕಲಸಿದರೂ ನಡೆಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಳದಿ ಮಣ್ಣಿನಲ್ಲಿ ಕಬ್ಬಿಣದ ಅಂಶ ಚೆನ್ನಾಗಿದ್ದರೆ 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಕೆಂಪಿಗೆ ತಿರುಗುತ್ತದೆ. ಒಂದೇ ಹೂಳಿನಿಂದ ಎರಡು ಬಣ್ಣ ಸಿಕ್ಕಂತಾಯಿತು. ಅಡುಗೆಯ ಒಲೆ, ಪಾತ್ರೆ ಮಾತ್ರ ಬಳಸಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತದೆ, ಸೀಸದಂಥವು ಹಾಗೇ ಉಳಿಯುತ್ತವೆ. ಕಾರ್ಖಾನೆ, ಗಣಿಗಳ ಕೆಳಭಾಗದ ಹೂಳನ್ನು ಮುಟ್ಟದಿರುವುದೇ ವಾಸಿ.

ಕಾಳ್ಗಿಚ್ಚಿನ ಇದ್ದಿಲು, ಜ್ವಾಲಾಮುಖಿಯ ಬೂದಿ ಆಗುತ್ತದೆಯೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಮರದ ಇದ್ದಿಲು ಆಗುತ್ತದೆ. ಅದಕ್ಕಂಟಿದ ಬೂದಿ ಕ್ಷಾರ, ಎಣ್ಣೆಯ ಜೊತೆ ಸೇರಿ ಸಾಬೂನಾಗಿಬಿಡುತ್ತದೆ. ಹಾಗಾಗಿ ಎರಡು ಮೂರು ನೀರಿನಲ್ಲಿ ತೊಳೆದು, ಹಸಿಯಾಗಿಯೇ ಅರೆದು ಒಣಗಿಸಿ. ಸುಟ್ಟ ಮನೆಯ ಇದ್ದಿಲು ಬೇಡ, ಅದರಲ್ಲಿ ಬಣ್ಣ, ಪ್ಲಾಸ್ಟಿಕ್ ಎಲ್ಲ ಬೆಂದಿರುತ್ತದೆ. ಜ್ವಾಲಾಮುಖಿಯ ಬೂದಿ ನಿಜಕ್ಕೂ ಗಾಜು ಮತ್ತು ಕಲ್ಲಿನ ಚೂಪು ಚೂರು. ಶಾಯಿಗೆ ಹಾಕಿದರೆ ತಗಡು, ರೋಲರ್ ಎರಡನ್ನೂ ಗೀರುತ್ತದೆ. ಅಂಟಿನಲ್ಲಿ ಕಲಸಿ ರಟ್ಟಿನ ಮೇಲೆ ಬಳಿದರೆ ಮಾತ್ರ ಒಳ್ಳೆಯ ಕೆಲಸ ಮಾಡುತ್ತದೆ: ಸಾಣೆಗೆ ಬಳಸುವ ಕಾರ್ಬೊರಂಡಮ್ ಪುಡಿಯ ಹಾಗೆ ಶಾಯಿ ಹಿಡಿದಿಟ್ಟುಕೊಂಡು ಗಾಢ ಕಪ್ಪು ಕೊಡುತ್ತದೆ. ಒಣ ಬೂದಿಯ ಹತ್ತಿರ ಮಾಸ್ಕ್ ತೆಗೆಯಲೇಬೇಡಿ.

ಪ್ರಶ್ನೆ: ಗಾಳಿಗೆ ಹಾರಿಬಿದ್ದ ಚಾವಣಿ ತಗಡುಗಳಲ್ಲಿ ಎಚಿಂಗ್ (ರಾಸಾಯನಿಕದಿಂದ ಗೆರೆ ಕೊರೆಯುವುದು) ಮಾಡಬಹುದೇ? ನೈಟ್ರಿಕ್ ಆಮ್ಲ ಬೇಕೇ?

ನೈಟ್ರಿಕ್ ಆಮ್ಲ ಬೇಡವೇ ಬೇಡ. ಮೊದಲು ತಗಡು ಯಾವುದೆಂದು ನೋಡಿ. ಅಯಸ್ಕಾಂತ ಹಿಡಿದರೆ ಸತು ಲೇಪಿಸಿದ ಕಬ್ಬಿಣ. ಲೇಪ ಕೆಲವೇ ಹತ್ತು ಮೈಕ್ರಾನ್ ದಪ್ಪ, ಅದರಲ್ಲಿ ಆಳದ ಗೆರೆ ಬರುವುದಿಲ್ಲ. ಹಿಡಿಯದಿದ್ದರೆ ಬಹುತೇಕ ಅಲ್ಯೂಮಿನಿಯಂ, ಅದರಲ್ಲಿ ಚೆನ್ನಾಗಿ ಬರುತ್ತದೆ.

ಅಲ್ಯೂಮಿನಿಯಂ ತಗಡನ್ನು ಮರದ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಅಂಚನ್ನು ಅರದಿಂದ 45 ಡಿಗ್ರಿಗೆ ಸವರಿ. ಸವರದ ಅಂಚು ಕಾಗದವನ್ನೂ ಪ್ರೆಸ್ಸಿನ ಕಂಬಳಿಯನ್ನೂ ಕೊಯ್ಯುತ್ತದೆ. ಹಿಂಬದಿಗೆ ಟೇಪು ಅಂಟಿಸಿ, ಮುಂಬದಿಗೆ ಗ್ರೌಂಡ್ (ದ್ರಾವಣ ತಾಗದಂತೆ ತಡೆಯುವ ಲೇಪ) ಬಳಿದು, ಸೂಜಿಯಲ್ಲಿ ಬರೆಯಿರಿ. ಒಂದು ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಉಪ್ಪು ಹಾಕಿ ಪ್ಲಾಸ್ಟಿಕ್ ಟ್ರೇಯಲ್ಲಿ ಕರಗಿಸಿ ತಗಡು ಇಳಿಸಿ. ಗುಳ್ಳೆ ಏಳುತ್ತದೆ; ಅದು ಹೈಡ್ರೋಜನ್, ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ, ಕನ್ನಡಕ, ಕೈಗವಸು ಇರಲಿ. ಗೆರೆಯಲ್ಲಿ ಕೆಂಗಂದು ತಾಮ್ರದ ಗಸಿ ಕೂರುತ್ತದೆ. ಮೆದು ಬ್ರಷ್ಷಿನಿಂದ ಅದನ್ನು ಆಗಾಗ ಸರಿಸದಿದ್ದರೆ ಗೆರೆ ಅರ್ಧಕ್ಕೇ ನಿಲ್ಲುತ್ತದೆ. 3 ನಿಮಿಷಕ್ಕೊಮ್ಮೆ ತೆಗೆದು ತೊಳೆದು ನೋಡಿ. ದ್ರಾವಣ ಬಿಸಿಯೇರುತ್ತಿದ್ದರೆ ಗೆರೆಯ ಅಂಚು ತಿಂದುಹೋಗುತ್ತಿದೆ ಎಂದರ್ಥ, ನೀರು ಸೇರಿಸಿ.

ಮುಗಿದ ದ್ರಾವಣವನ್ನು ಚರಂಡಿಗೆ ಸುರಿಯಬಾರದು, ತಾಮ್ರ ಮೀನುಗಳಿಗೆ ವಿಷ. ನೀಲಿ ಬಣ್ಣ ಪೂರ್ತಿ ಹೋಗುವವರೆಗೆ ಅಲ್ಯೂಮಿನಿಯಂ ಚೂರುಗಳನ್ನು ಹಾಕುತ್ತಿರಿ. ಬಳಿಕ ವಾಷಿಂಗ್ ಸೋಡಾದಿಂದ ಹುಳಿ ಮುರಿದು, ಗಸಿಯನ್ನು ಸೋಸಿ, ಅಪಾಯಕಾರಿ ಕಸ ಸಂಗ್ರಹಿಸುವಲ್ಲಿಗೆ ಕೊಡಿ.

ತುಕ್ಕು ಹಿಡಿದ ಕಬ್ಬಿಣದ ತಗಡಿಗೆ ಶಾಯಿಯೇ ಬೇಡ. ಹತ್ತಿ ನಾರಿನ ಕಾಗದವನ್ನು ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ನೆನೆಸಿ, ತುಕ್ಕಿನ ಮೇಲೆ ಹಾಸಿ, ಪ್ಲಾಸ್ಟಿಕ್ ಹೊದಿಸಿ, ಭಾರ ಇಟ್ಟು 12ರಿಂದ 24 ಗಂಟೆ ಬಿಡಿ. ಕಿತ್ತಳೆಯಿಂದ ಕಡುಕಂದಿನವರೆಗೆ ಬಣ್ಣ ಇಳಿಯುತ್ತದೆ. ತೆಗೆದು, ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ತೊಳೆದು ಒಣಗಿಸಿ. ಹೀಗೆ ಮಾಡಿದರೂ ಕಬ್ಬಿಣ ಕಾಗದವನ್ನು ನಿಧಾನಕ್ಕೆ ತಿನ್ನುತ್ತಲೇ ಇರುತ್ತದೆ. ಇಂಥ ಅಚ್ಚುಗಳನ್ನು ಬೇರೆ ಚಿತ್ರಗಳಿಗೆ ತಾಗಿಸಿ ಇಡಬೇಡಿ, ಕೊಳ್ಳುವವರಿಗೂ ಹೇಳಿಬಿಡಿ.

ಪ್ರಶ್ನೆ: ಹರಿದ ಬಲೆ, ಬಟ್ಟೆ, ಹಗ್ಗ ಅಂಟಿಸಿ ಕೊಲಾಗ್ರಾಫ್ ಮಾಡಿದರೆ ಕಾಗದ ಅಂಟಿಕೊಂಡು ಹರಿಯುತ್ತದೆ.

ಮೇಲೆ ಬಳಿದದ್ದು ಅಕ್ರಿಲಿಕ್ ಇರಬೇಕು. ಒದ್ದೆ ಕಾಗದ ಮತ್ತು ಒತ್ತಡ ಸೇರಿದಾಗ ಅದು ಮತ್ತೆ ಜಿಗುಟಾಗುತ್ತದೆ. ಅದರ ಮೇಲೆ ಅರಗನ್ನು ಎರಡು ಕೈ ಹಚ್ಚಿ ಒಂದು ದಿನ ಒಣಗಲು ಬಿಡಿ. ರಟ್ಟಿನ ಅಂಚು, ಹಿಂಬದಿಗೂ ಹಚ್ಚಿ, ಇಲ್ಲದಿದ್ದರೆ ಅಲ್ಲಿಂದ ನೀರು ಹೀರಿ ಪದರ ಬಿಡುತ್ತದೆ. ಅಂಟಿಸಿದ ವಸ್ತುಗಳ ಎತ್ತರ 2 ಮಿ.ಮೀ. ದಾಟದಿರಲಿ. ಹಗ್ಗ ದಪ್ಪವಾಗಿದ್ದರೆ ಎಳೆ ಬಿಚ್ಚಿ ಒಂದೊಂದೇ ಹುರಿ ಅಂಟಿಸಿ. ಕಾಗದ 250ರಿಂದ 300 ಜಿ.ಎಸ್‌.ಎಂ.ನದು, ಅರ್ಧ ಗಂಟೆ ನೆನೆಸಿ, ಮೇಲಿನ ನೀರನ್ನು ಪೂರ್ತಿ ಒತ್ತಿ ತೆಗೆದಿರಬೇಕು.

ಪ್ರಶ್ನೆ: ನೀರಿಗೆ ಸಿಕ್ಕ ಪುಸ್ತಕ, ಕಡತಗಳ ಕಾಗದವನ್ನು ಮತ್ತೆ ಹಾಳೆ ಮಾಡಿ ಅಚ್ಚಿಗೆ ಬಳಸಬಹುದೇ? ನಮ್ಮಲ್ಲಿ ಪ್ರೆಸ್ ಇಲ್ಲ.

ಅರೆಯುವ ಮುನ್ನ ಅದು ಯಾರದು, ಉಳಿಸಿಕೊಳ್ಳಬೇಕಾದದ್ದೇ ಎಂದು ವಿಚಾರಿಸಿ. 1966ರ ನವೆಂಬರ್ 4ರ ನೆರೆಯಲ್ಲಿ ಇಟಲಿಯ ಫ್ಲಾರೆನ್ಸಿನ ರಾಷ್ಟ್ರೀಯ ಕೇಂದ್ರ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರು ಕುಡಿದಿದ್ದವು; ಅವುಗಳಲ್ಲಿ ಎಷ್ಟನ್ನೋ ಒಣಗಿಸಿ ಉಳಿಸಿಕೊಂಡರು. ಪತ್ರ, ಫೋಟೋ, ದಾಖಲೆ ಕೆಟ್ಟಂತೆ ಕಂಡರೂ ಕೆಟ್ಟಿರಬೇಕೆಂದಿಲ್ಲ. ಒದ್ದೆ ಕಾಗದಕ್ಕೆ 48 ಗಂಟೆಯೊಳಗೆ ಬೂಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಫ್ರೀಜರಿನಲ್ಲಿಟ್ಟು ಸಮಯ ಗಳಿಸಬಹುದು.

ನಿಜಕ್ಕೂ ಬೇಡದ್ದಾದರೆ ಹೊಳಪಿನ ಹಾಳೆಗಳನ್ನು ಬೇರ್ಪಡಿಸಿ, ಅವುಗಳ ಬಿಳಿಜೇಡಿ ಲೇಪದಿಂದ ಹಾಳೆ ಸತ್ತ್ವವಿಲ್ಲದಂತಾಗುತ್ತದೆ. ಚರಂಡಿ ನೀರು ಹೊಕ್ಕದ್ದು ಬೇಡ. ಉಳಿದದ್ದನ್ನು ಚೂರು ಮಾಡಿ, ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ, ತೊಳೆದು, ಅರೆಯಿರಿ. ಮರುಬಳಕೆಯ ನಾರು ಗಿಡ್ಡ, ಹಾಗಾಗಿ ಕಾಲುಭಾಗ ಹತ್ತಿಬಟ್ಟೆಯ ನಾರು ಸೇರಿಸಿ. ಎ4 ಅಳತೆಯ ಹಾಳೆ ಅಚ್ಚಿಗೆ ತಡೆಯಬೇಕಾದರೆ 9ರಿಂದ 10 ಗ್ರಾಂ ಒಣ ನಾರು ಬೇಕು.

ಪ್ರೆಸ್ ಇಲ್ಲದಿದ್ದರೆ ಅರೆದ ಕಾಗದದ ತಿರುಳನ್ನೇ ಕೊರೆದ ಹಲಗೆಯ ಮೇಲೆ ಹರವಿ ಅಚ್ಚು ತೆಗೆಯಬಹುದು. ಭಾರತದ ಕಲಾವಿದ ಸೋಮನಾಥ್ ಹೋರ್ (1921–2006) 1970ರ ದಶಕದ ತಮ್ಮ ಬಿಳಿಯ ತಿರುಳಿನ ಅಚ್ಚುಗಳಲ್ಲಿ ಗಾಯದ ಗುರುತುಗಳನ್ನು ಮೂಡಿಸಿದ್ದು ಹೀಗೆ ತಿರುಳನ್ನು ಒತ್ತಿಯೇ. ಅವರು ಸಿಮೆಂಟಿನ ಪಡಿಯಚ್ಚು ಬಳಸಿದರು. ಹಲಗೆಯಾದರೆ ಅರಗಿನ ಮೇಲೆ ಮೇಣ ಉಜ್ಜಿ, 5 ಮಿ.ಮೀ. ದಪ್ಪ ತಿರುಳು ಹರವಿ, ಬಲೆಬಟ್ಟೆ ಹೊದಿಸಿ, ಸ್ಪಂಜಿನಿಂದ ನೀರು ಹೀರುತ್ತ ಸಂದುಸಂದಿಗೆ ಒತ್ತಿ. ಹಲಗೆಯ ಮೇಲೇ ಒಣಗಲಿ, ಎರಡು ಮೂರು ದಿನ ಹಿಡಿಯುತ್ತದೆ. ಮೊದಲೇ ಕಿತ್ತರೆ ಮುದುರುತ್ತದೆ. ಕೊರೆತದ ಗೋಡೆ ಒಳಕ್ಕೆ ಬಾಗಿದ್ದರೆ ತಿರುಳು ಅಲ್ಲಿ ಸಿಕ್ಕಿಕೊಂಡು ಹರಿಯುತ್ತದೆ, ಆದ್ದರಿಂದ ಗೋಡೆಗಳು ಹೊರಕ್ಕೆ ಇಳಿಜಾರಾಗಿರಲಿ.

ಪ್ರಶ್ನೆ: ಹಳೆ ಹಲಗೆಯ ಪ್ರತಿಯೊಂದು ಅಚ್ಚೂ ಬೇರೆ ಬೇರೆ ಬರುತ್ತದೆ. ಸಂಖ್ಯೆ ಹಾಕುವುದು ಹೇಗೆ?

ಎಲ್ಲ ಪ್ರತಿಗಳೂ ಒಂದೇ ತೆರನಿದ್ದಾಗ ಮಾತ್ರ ಬರೀ 3/12 (ಹನ್ನೆರಡು ಪ್ರತಿಗಳಲ್ಲಿ ಮೂರನೆಯದು) ಎಂದು ಬರೆಯುವುದು ರೂಢಿ. ಪ್ರತಿಯಿಂದ ಪ್ರತಿಗೆ ಬೇರೆಯಾದರೆ ಸಂಖ್ಯೆಯ ಜೊತೆ ‘ಇ.ವಿ.’ ಎಂದು ಸೇರಿಸಿ. ಬದಲಾಗುವ ಆವೃತ್ತಿ ಎಂಬುದಕ್ಕೆ ಅದು ಎಲ್ಲೆಡೆ ನಡೆಯುವ ಗುರುತು. ಹಲಗೆ ಎಷ್ಟು ಪ್ರತಿ ತಾಳುತ್ತದೆಂದು ಮೊದಲೇ ಘೋಷಿಸಬೇಡಿ. ನೆರೆಗೆ ಸಿಕ್ಕ ಮೆದು ಮರದ ತೆಳು ಏಣುಗಳು ಬೇಗ ಮೊಂಡಾಗುತ್ತವೆ, ಆವೃತ್ತಿ ಪೂರ್ತಿ ತೆಗೆದ ಮೇಲೆಯೇ ಕೆಳಗಿನ ಅಂಕಿ ಬರೆಯಿರಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮರದ ಜಾತಿ, ಶಾಯಿ, ಕಾಗದ ನಮೂದಿಸಿ. ಹಲಗೆ ಯಾರದೋ ಮನೆಯದಾಗಿದ್ದರೆ ಅವರ ಒಪ್ಪಿಗೆ ಪಡೆದು, ಮೊದಲ ಪ್ರತಿಗಳಲ್ಲೊಂದು ಅವರಿಗೆ ಕೊಡಿ. ಹೆಸರು ಹಾಕಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ.